ನಾಲ್ಕು ಕಂಠ, ಒಂದು ನಾದ: ‘ಮಿಸ್ಟರ್ ಸ್ಯಾಂಡ್‌ಮನ್’

ಪ್ಯಾಟ್ ಬಲಾರ್ಡ್ ರಚಿಸಿದ ‘ಮಿಸ್ಟರ್ ಸ್ಯಾಂಡ್‌ಮನ್’ ಗೀತೆಯನ್ನು ಕಾರ್ಡೆಟ್ಸ್ ತಂಡದ ನಾಲ್ವರು ಗಾಯಕಿಯರು 1954ರಲ್ಲಿ ಧ್ವನಿಮುದ್ರಿಸಿದರು. ಕಣ್ಣಿಗೆ ಮರಳು ಉದುರಿಸಿ ನಿದ್ದೆ, ಕನಸು ತರುವ ಜನಪದ ಕಲ್ಪನೆಯ ವ್ಯಕ್ತಿ ಸ್ಯಾಂಡ್‌ಮನ್. ಕನಸಿನಲ್ಲಿ ಒಬ್ಬ ನಲ್ಲನನ್ನು ಕಳಿಸೆಂದು ಅವನನ್ನು ಬೇಡುವುದಷ್ಟೇ ಸಾಹಿತ್ಯ. ಅದೇ ವರ್ಷ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಈ ಹಾಡಿನ ಸೊಗಸೆಲ್ಲ ಇರುವುದು ಕಂಠಗಳ ಹೊಂದಾಣಿಕೆಯಲ್ಲಿ.

ವಿಸ್ಕಾನ್ಸಿನ್‌ನ ಶೆಬಾಯ್ಗನ್ ಊರಿನ ಈ ತಂಡ ಬಾರ್ಬರ್‌ಶಾಪ್ ಗಾಯನದಲ್ಲಿ ಪಳಗಿತ್ತು. 19ನೇ ಶತಮಾನದ ಕೊನೆಯ ಆಫ್ರಿಕನ್ ಅಮೆರಿಕನ್ ಗಾಯಕರಿಗೆ ಬಹಳಷ್ಟು ಋಣಿಯಾಗಿರುವ ಈ ಪದ್ಧತಿಯಲ್ಲಿ ವಾದ್ಯಗಳಿಲ್ಲ. ಲೀಡ್ ಧಾಟಿಯನ್ನು ಹಾಡಿದರೆ ಟೆನರ್ ಅದರ ಮೇಲೆ, ಬಾಸ್ ತಳದಲ್ಲಿ ನಿಲ್ಲುತ್ತವೆ. ಬಿಟ್ಟುಹೋದ ಸ್ವರವನ್ನು ತುಂಬುವುದು ಬ್ಯಾರಿಟೋನ್. ಅದರ ಸಾಲನ್ನಷ್ಟೇ ಕೇಳಿದರೆ ಹಾಡಿನ ಗುರುತೇ ಸಿಗದು. ಅದಿಲ್ಲದಿದ್ದರೆ ಸ್ವರಗುಚ್ಛ ಟೊಳ್ಳಾಗುತ್ತದೆ.

ಈ ಗಾಯಕರು ಅರಸುವುದು 4:5:6:7 ಅನುಪಾತವನ್ನು. ನಾಲ್ವರು ಕ್ರಮವಾಗಿ 200, 250, 300, 350 ಹರ್ಟ್ಸ್‌ನಲ್ಲಿ ಹಾಡುತ್ತಿದ್ದಾರೆ ಎನ್ನೋಣ. ಪ್ರತಿ ಕಂಠದಿಂದಲೂ ಮೂಲ ಸ್ವರದ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳು ಹೊರಡುತ್ತವೆ. 200ರ ಐದನೆಯದೂ 250ರ ನಾಲ್ಕನೆಯದೂ 1000 ಹರ್ಟ್ಸ್‌ನಲ್ಲಿ ಕೂಡುತ್ತವೆ. 200ರ ಏಳನೆಯದೂ 350ರ ನಾಲ್ಕನೆಯದೂ 1400ರಲ್ಲಿ ಸಂಧಿಸುತ್ತವೆ. ಹೀಗೆ ಕೂಡಿದ ಉಪಸ್ವರಗಳು ಬಲಗೊಂಡು, ಐದನೆಯ ಕಂಠವೊಂದು ಮೇಲೆಲ್ಲೋ ಹಾಡುತ್ತಿರುವಂತೆ ಕೇಳಿಸುತ್ತವೆ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಮಂದ್ರ ಷಡ್ಜದಿಂದ ಯಾರೂ ಮೀಟದ ಅಂತರ ಗಾಂಧಾರ ಹೊಮ್ಮುವುದೂ ಐದನೆಯ ಉಪಸ್ವರದಿಂದಲೇ.

ಪಿಯಾನೊದಲ್ಲಿ ಈ ನಿಖರತೆ ಸಿಗದು. ಸಪ್ತಕವನ್ನು 12 ಸಮಭಾಗ ಮಾಡಿರುವುದರಿಂದ 250 ಹರ್ಟ್ಸ್ ಇರಬೇಕಾದ ಗಾಂಧಾರ ಸುಮಾರು 252 ಆಗುತ್ತದೆ. ಅದರ ನಾಲ್ಕನೆಯ ಉಪಸ್ವರ 1008ರ ಹತ್ತಿರ ಬಿದ್ದು, 1000ದೊಡನೆ ತಿಕ್ಕಾಡಿ ಸೆಕೆಂಡಿಗೆ ಸುಮಾರು ಎಂಟು ಸಲ ಮಿಡಿಯುತ್ತದೆ. ಏಳನೆಯ ಅಂಶದ ಸ್ವರ 350ರ ಬದಲು 356ಕ್ಕೆ ಏರುತ್ತದೆ. ಕಂಠಕ್ಕೆ ಮೆಟ್ಟಿಲುಗಳಿಲ್ಲ, ನುರಿತ ಗಾಯಕಿ ಪಕ್ಕದವಳನ್ನು ಆಲಿಸುತ್ತಲೇ ಕೂದಲೆಳೆಯಷ್ಟು ಸರಿಯಬಲ್ಲಳು.

‘ಮಿಸ್ಟರ್ ಸ್ಯಾಂಡ್‌ಮನ್’ ಇಂಥ ಕಿವಿಗೆ ಹೇಳಿ ಮಾಡಿಸಿದ ರಚನೆ. ಷಡ್ಜದ ಸ್ವರಗುಚ್ಛದಿಂದ ಹೊರಟ ಪಲ್ಲವಿ ಥಟ್ಟನೆ ದೂರದ ನಿಷಾದಕ್ಕೆ ಜಿಗಿದು, ಗಾಂಧಾರ, ಧೈವತ, ರಿಷಭ, ಪಂಚಮಗಳ ಮೇಲೆ ನಿಂತ ಗುಚ್ಛಗಳನ್ನು ದಾಟಿ ಮತ್ತೆ ಷಡ್ಜಕ್ಕೆ ಬರುತ್ತದೆ. ನಡುವಿನ ಪ್ರತಿ ಗುಚ್ಛವೂ ಮುಂದಿನದಕ್ಕಾಗಿ ತವಕಿಸುತ್ತದೆ. ಆ ತವಕ ತೀರಿದೊಡನೆ ಇನ್ನೊಂದು ಹುಟ್ಟುತ್ತದೆ. ಮಾತಿನಲ್ಲಿರುವ ಕಾತರವನ್ನು ಸ್ವರವೂ ಹೊತ್ತಿರುವುದು ಈ ರಚನೆಯ ನಿಜವಾದ ಹೆಚ್ಚುಗಾರಿಕೆ.

ಧ್ವನಿಮುದ್ರಣದಲ್ಲಿ ವಾದ್ಯಗಳ ಹಿಮ್ಮೇಳವಿದೆ. ಹಾಗಾಗಿ ಎಲ್ಲೆಡೆ ಶುದ್ಧ ಅನುಪಾತ ಸಾಧ್ಯವಿಲ್ಲ. ಆದರೂ ಗಾಯಕಿಯರು ಸ್ವರವನ್ನು ಅಲುಗಿಸದೆ ನೇರವಾಗಿ ಹಿಡಿಯುವುದರಿಂದ ಗುಚ್ಛದ ಒಂದೊಂದು ಎಳೆಯೂ ಸ್ಪಷ್ಟವಾಗಿ ಕೇಳುತ್ತದೆ.