ಲಾರಿ ಕೊಳ್ಳುವ ಮುನ್ನ ಸ್ಟೇರಿಂಗ್ ಹಿಡಿಯಿರಿ!

ಮನೆ ಪತ್ರ ಅಡವಿಟ್ಟು ಲಾರಿ ಕೊಂಡು, 'ಡ್ರೈವರ್ ಇಟ್ಟರಾಯ್ತು ಬಿಡಿ' ಎನ್ನುವವರು ಹಾಸನದ ಕಡೆ ಕಡಿಮೆಯೇನಲ್ಲ. ಬ್ಯಾಂಕಿನ ಕಂತು ಮಾತ್ರ ಡ್ರೈವರ್ ಸಿಗುವವರೆಗೆ ಕಾಯುವುದಿಲ್ಲ.

ಕಾನೂನಿಗೂ ಆತುರವಿಲ್ಲ. ಲಾರಿ ಓಡಿಸಲು 20 ವರ್ಷ ತುಂಬಿರಬೇಕು. ಕಲಿಯುವ ಲೈಸೆನ್ಸಿಗೇ ಮೊದಲು 1 ವರ್ಷ ಲಘು ವಾಹನದ ಲೈಸೆನ್ಸ್ ಇರಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಲೈಸೆನ್ಸ್ ಸಿಕ್ಕ ಮಾತ್ರಕ್ಕೆ ಲಾರಿ ಮಾತು ಕೇಳೀತೆ?

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವುದನ್ನೇ ನೋಡಿ. ಡೀಸೆಲ್ ಉಳೀತದೆ ಅಂತ ಹೊಸಬ ನ್ಯೂಟ್ರಲ್‌ಗೆ ಹಾಕ್ತಾನೆ. ಭಾರವೆಲ್ಲ ಬ್ರೇಕಿನ ಮೇಲೆ! ಡ್ರಮ್ಮು ಕಾದರೆ ಎಷ್ಟು ಒತ್ತಿದರೂ ಬ್ರೇಕ್ ಹಿಡಿಯದು. ಪಳಗಿದವನು ಇಳಿಜಾರಿಗೆ ಮೊದಲೇ ಸಣ್ಣ ಗೇರಿಗೆ ಬಂದು ಎಂಜಿನ್ನಿಂದಲೇ ಲಾರಿ ತಡೆಯುತ್ತಾನೆ. ಮುಂದಿನ ಬಸ್ಸಿನಲ್ಲಿ ಕೂತವರ ಜೀವವೂ ಆ ಗೇರಿನಲ್ಲೇ ಇದೆ.

ಎರಡು ಮೂರು ವರ್ಷ ಬೇರೆಯವರ ಲಾರಿಯಲ್ಲಿ ದುಡಿದವನಿಗೆ ವ್ಯಾಪಾರವೂ ತಿಳಿಯುತ್ತದೆ. ಮಂಗಳೂರು ಬಂದರಿಗೆ ಕಾಫಿ ಇಳಿಸಿದರೆ ಸಾಲದು. ಘಾಟಿ ಹತ್ತುವಾಗ ಗೊಬ್ಬರವೋ ಮತ್ತೊಂದೋ ಲೋಡು ಸಿಗಬೇಕು. ಖಾಲಿ ಬಂದರೆ ಹೋದ ಬಾಡಿಗೆಯನ್ನು ಬರುವ ಡೀಸೆಲ್ಲೇ ತಿನ್ನುತ್ತದೆ. ಯಾವ ಏಜೆಂಟ್ ಬಾಕಿ ಇಡುತ್ತಾನೆ, ಮಳೆಯಲ್ಲಿ ಟಾರ್ಪಾಲು ಹೇಗೆ ಬಿಗಿಯಬೇಕು, ಇದನ್ನೆಲ್ಲ ಷೋರೂಮಿನವರು ಹೇಳಿಕೊಡುವುದಿಲ್ಲ. ಗಲ್ಲಾದ ಮೇಲೆ ಕೂರುವ ಮೊದಲು ಮೂಟೆ ಹೊತ್ತ ಅಂಗಡಿಕಾರರಿಗೆ ಇದು ಹೊಸ ಮಾತೇನಲ್ಲ.

ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಸ್ವತಃ ಓಡಿಸಿ ಕಂಡವನಿಗೆ ಯಾವ ಡ್ರೈವರೂ ಸುಳ್ಳು ಲೆಕ್ಕ ಕೊಡಲಾರ. ಹಬ್ಬಕ್ಕೆಂದು ಊರಿಗೆ ಹೋದ ಡ್ರೈವರ್ ವಾರವಾದರೂ ಬರಲಿಲ್ಲ, ಕಂತಿನ ತಾರೀಕು ಬಂತು ಎನ್ನಿ; ಮಾಲೀಕನೇ ಕೀ ತಗೊಂಡು ಹೊರಡಬಹುದು.