ನಾರ್ವೆಯ ಹಿಮವೀರ ಯೋಹಾನ್ ಕೊಸ್

ತೆಲಿಗಿ, ಕೊಟ್ಟೂರು, ಕೂಡ್ಲಿಗಿಯ ಸೀಮೆಯಲ್ಲಿ ಮಂಜುಗಡ್ಡೆಯೆಂದರೆ ಜಾತ್ರೆಯ ಶರಬತ್ತಿನ ಬಂಡಿಯಲ್ಲಿ ಗೋಣಿತಟ್ಟಿನೊಳಗೆ ಸುತ್ತಿಟ್ಟ ತುಣುಕು ಮಾತ್ರ. ಉತ್ತರ ಯುರೋಪಿನ ನಾರ್ವೆ ದೇಶದಲ್ಲಾದರೋ ಚಳಿಗಾಲಕ್ಕೆ ಕೆರೆಗಳೇ ಹೆಪ್ಪುಗಟ್ಟಿ ಕಲ್ಲುಹಾಸಾಗುತ್ತವೆ. ಪಾದರಕ್ಷೆಯ ಅಡಿಗೆ ಉಕ್ಕಿನ ಅಲಗನ್ನು ಬಿಗಿದುಕೊಂಡು ಅದರ ಮೇಲೆ ಜಾರುತ್ತ ಓಡುವುದು ಅಲ್ಲಿನ ಜನರ ಪರಂಪರಾಗತ ಕ್ರೀಡೆ. ಈ ಕ್ರೀಡೆಯಲ್ಲಿ ಜಗಜ್ಜೇತನಾದ ಯೋಹಾನ್ ಓಲಾವ್ ಕೊಸ್ ಎಂಬವನ ಚರಿತ್ರೆಯನ್ನು ವಾಚಕರು ತಮ್ಮ ಮನೆಯ ಮಕ್ಕಳಿಗೆ ಓದಿ ಹೇಳಬೇಕೆಂಬುದು ನನ್ನ ಅಪೇಕ್ಷೆ.

ಕೊಸ್ ಹುಟ್ಟಿದ್ದು 1968ರ ಅಕ್ಟೋಬರ್ 29ರಂದು, ಡ್ರಾಮೆನ್ ಎಂಬ ಪಟ್ಟಣದಲ್ಲಿ. ತಂದೆತಾಯಿಗಳಿಬ್ಬರೂ ವೈದ್ಯರು. 1990 ಮತ್ತು 1991ರಲ್ಲಿ ಆತನು ವಿಶ್ವವಿಜೇತನಾದನು. 1992ರಲ್ಲಿ ಫ್ರಾನ್ಸಿನ ಆಲ್ಬರ್ಟ್‌ವಿಲ್‌ನಲ್ಲಿ ನಡೆಯಲಿದ್ದ ಚಳಿಗಾಲದ ಒಲಿಂಪಿಕ್ಸ್‌ಗೆ ಇನ್ನು ಕೆಲವೇ ದಿನಗಳಿರುವಾಗ ಮೇದೋಜೀರಕ ಗ್ರಂಥಿಯ ಉರಿಯೂತದಿಂದ ಆಸ್ಪತ್ರೆ ಸೇರಬೇಕಾಯಿತು. ಎದ್ದು ಬಂದವನು 5000 ಮೀಟರ್ ಸ್ಪರ್ಧೆಯಲ್ಲಿ ಏಳನೆಯವನಾದನು. ಮೂರು ದಿನಗಳ ತರುವಾಯ 1500 ಮೀಟರ್ ಸ್ಪರ್ಧೆಯಲ್ಲಿ ಸ್ವದೇಶದವನೇ ಆದ ಓಡನೆ ಸೊಂಡ್ರಾಲ್‌ನನ್ನು ಒಂದು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗದಷ್ಟು ಅಂತರದಿಂದ ಹಿಂದಿಕ್ಕಿ ಚಿನ್ನ ಪಡೆದನು! ರೆಪ್ಪೆ ಬಡಿಯುವುದಕ್ಕೂ ಅದಕ್ಕಿಂತ ಹೆಚ್ಚು ಕಾಲ ಬೇಕು. 10,000 ಮೀಟರ್ ಸ್ಪರ್ಧೆಯಲ್ಲಿ ಬೆಳ್ಳಿಯೂ ದೊರೆಯಿತು.

1994ರ ಒಲಿಂಪಿಕ್ಸ್ ನಾರ್ವೆಯ ಲಿಲ್ಲೆಹಾಮರ್‌ನಲ್ಲೇ ಜರುಗಿತು. ಜಾರೋಟದ ಸ್ಪರ್ಧೆಗಳು ಹಾಮಾರ್ ಪಟ್ಟಣದಲ್ಲಿ, ಪ್ರಾಚೀನ ನಾವಿಕರ ಹಡಗನ್ನು ಬೋರಲು ಹಾಕಿದಂತೆ ಕಟ್ಟಿದ ಭವ್ಯ ಸಭಾಂಗಣದಲ್ಲಿ ನಡೆದವು. ಅಲ್ಲಿ ಫೆಬ್ರುವರಿ 13ರಿಂದ 20ರವರೆಗಿನ ಒಂದು ವಾರದೊಳಗೆ ಕೊಸ್ 5000, 1500, 10,000 ಮೀಟರ್ ಮೂರರಲ್ಲೂ ಚಿನ್ನ ಗೆದ್ದನು, ಮೂರೂ ವಿಶ್ವದಾಖಲೆಗಳೇ. ಕೊನೆಯದಂತೂ ಅಸಾಧಾರಣ. 400 ಮೀಟರಿನ ಪಥವನ್ನು ಇಪ್ಪತ್ತೈದು ಬಾರಿ ಸುತ್ತಲು ಆತನಿಗೆ ಹಿಡಿದದ್ದು 13 ನಿಮಿಷ 30.55 ಸೆಕೆಂಡು. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 44 ಕಿಲೋಮೀಟರ್ ವೇಗ. ನಮ್ಮ ರಸ್ತೆಗಳ ಮೇಲೆ ಬಸ್ಸಿಗೂ ಅದು ಯಾವಾಗಲೂ ಸಾಧ್ಯವಾಗುವುದಿಲ್ಲ. ಎರಡನೆಯವನು 18 ಸೆಕೆಂಡಿಗೂ ಮಿಕ್ಕಿ ಹಿಂದುಳಿದಿದ್ದನು. 1952ರ ಓಸ್ಲೋ ಒಲಿಂಪಿಕ್ಸ್‌ನಲ್ಲಿ ಯಾಲ್ಮಾರ್ ಆಂಡರ್ಸನ್ ಎಂಬ ನಾರ್ವೆಯವನು ಇದೇ ಮೂರು ಚಿನ್ನಗಳನ್ನು ಗೆದ್ದಿದ್ದನು. ನಾರ್ವೆಯ ಹಿರಿಯರು ಆ ಹಳೆಯ ವೈಭವವನ್ನು ಮತ್ತೆ ಕಣ್ಣಾರೆ ಕಂಡರು.

ಇಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯುವ ಅಗತ್ಯವಿರಲಿಲ್ಲ. ಗೆದ್ದವರು ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ.

ಆ ಕ್ರೀಡಾಕೂಟಕ್ಕೆ ಕೆಲವು ತಿಂಗಳ ಮುನ್ನ, 1993ರಲ್ಲಿ, ಕೊಸ್ ಒಲಿಂಪಿಕ್ ಏಡ್ ಎಂಬ ನೆರವಿನ ಯೋಜನೆಯ ಪ್ರತಿನಿಧಿಯಾಗಿ ಆಫ್ರಿಕದ ಎರಿಟ್ರಿಯಾಕ್ಕೆ ಹೋಗಿದ್ದನು. ಮೂವತ್ತು ವರ್ಷಗಳ ಯುದ್ಧ ಮುಗಿಸಿ ಆಗಷ್ಟೇ ಸ್ವತಂತ್ರವಾದ ನಾಡದು. ಬೀದಿಯ ಹುಡುಗರ ಗುಂಪೊಂದು ಉದ್ದ ತೋಳಿನ ಅಂಗಿಯೊಂದನ್ನು ಸುತ್ತಿ ಗಂಟು ಹಾಕಿ, ಅದನ್ನೇ ಚೆಂಡಾಗಿ ಒದೆಯುತ್ತಿತ್ತು. ನಮ್ಮ ಕಣಗಳಲ್ಲಿ ಚಿಂದಿಯ ಚೆಂಡಿನಿಂದ ಆಡಿ ಬೆಳೆದವರಿಗೆ ಆ ದೃಶ್ಯವನ್ನು ವಿವರಿಸಬೇಕಾಗಿಲ್ಲ. ಮರಳಿ ಬರುವಾಗ ನಿಜವಾದ ಚೆಂಡನ್ನು ತರುವೆನೆಂದು ಕೊಸ್ ಮಾತು ಕೊಟ್ಟನು.

ಹಾಮಾರ್‌ನಲ್ಲಿ 1500 ಮೀಟರ್ ಗೆದ್ದಾಗ ಬಂದ ಬಹುಮಾನದ ಹಣವನ್ನು ಆತನು ಒಲಿಂಪಿಕ್ ಏಡ್‌ಗೆ ಅರ್ಪಿಸಿ, ದೇಶಬಾಂಧವರೂ ಕೈಲಾದಷ್ಟು ಕೊಡಬೇಕೆಂದು ಬೇಡಿಕೊಂಡನು. ಯುದ್ಧದಲ್ಲಿ ನಲುಗುತ್ತಿದ್ದ ಸರಾಯೆವೋ ನಗರದ ಸಂಕಟ ಆಗ ಎಲ್ಲರ ಮನದಲ್ಲಿತ್ತು. ಜನ ಧಾರಾಳವಾಗಿ ಕೊಟ್ಟರು. ನಾರ್ವೆಯ ಮಕ್ಕಳು ಕ್ರೀಡಾಸಾಮಗ್ರಿಗಳನ್ನು ಒಟ್ಟುಗೂಡಿಸಿದರು. ಕೊಸ್ ಅದನ್ನು ವಿಮಾನದಲ್ಲಿ ತುಂಬಿಕೊಂಡು ಎರಿಟ್ರಿಯಾಕ್ಕೆ ಹೊರಟನು.

ಅನ್ನಕ್ಕೆ ಗತಿಯಿಲ್ಲದ ಮಕ್ಕಳಿಗೆ ಚೆಂಡೇ? ಪತ್ರಿಕೆಗಳು ಹೀಗೆಂದು ಹಂಗಿಸಿದವು. ಆತನಿಗೂ ಅಳುಕಾಯಿತು. ಆದರೆ ಎರಿಟ್ರಿಯಾದ ಅಧ್ಯಕ್ಷರು ಇದೇ ತಮಗೆ ಬಂದ ಶ್ರೇಷ್ಠ ಕೊಡುಗೆಯೆಂದು ಸ್ವಾಗತಿಸಿದರು. ಪ್ರಾಣ ಉಳಿಸುವಷ್ಟು ಕಾಳು ಹಾಕಿ ಸುಮ್ಮನಾಗದೆ, ತಮ್ಮ ಮಕ್ಕಳನ್ನೂ ಮನುಷ್ಯರೆಂದು ಕಂಡಿದ್ದೀರಿ ಎಂಬುದು ಅವರ ಮಾತಿನ ತಾತ್ಪರ್ಯ. ಟೀಕಾಕಾರರ ಪ್ರಶ್ನೆ ಹುರುಳಿಲ್ಲದ್ದೆಂದು ನಾನು ಹೇಳಲಾರೆ, ಹಸಿವೇ ಮೊದಲು. ಆದರೆ ಮಠದ ಪ್ರಸಾದ ನಿಲಯಗಳಲ್ಲಿ ಇದ್ದವರಿಗೆ ಗೊತ್ತು: ಉಂಡ ಹುಡುಗನು ಅಂಗಳದಲ್ಲಿ ಕುಣಿದಾಡಲು ತೊಡಗಿದ ದಿನವೇ ಮನೆಯನ್ನು ನೆನೆದು ಅಳುವುದನ್ನು ಬಿಡುತ್ತಾನೆ.

1994ರಲ್ಲೇ, ಇಪ್ಪತ್ತೈದರ ಹರೆಯದಲ್ಲಿ, ಕೊಸ್ ಸ್ಪರ್ಧೆಯಿಂದ ನಿವೃತ್ತನಾದನು. ಮುಂದೆ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಓದಿ, ತಂದೆತಾಯಿಗಳಂತೆ ವೈದ್ಯನಾದನು. 2000ದಲ್ಲಿ ಒಲಿಂಪಿಕ್ ಏಡ್‌ನ ಕಾರ್ಯವನ್ನೇ ಶಾಶ್ವತ ಸಂಸ್ಥೆಯನ್ನಾಗಿ ರೂಪಿಸಿದನು. ಅದಕ್ಕೆ ಮುಂದೆ ಬಂದ ಹೆಸರು ರೈಟ್ ಟು ಪ್ಲೇ. ಆಡುವ ಹಕ್ಕು ಎಂದರ್ಥ. ಕೆನಡದ ಟೊರಾಂಟೊ ಅದರ ಕೇಂದ್ರ. 2001ರಲ್ಲಿ ಅಂಗೋಲಾ ಮತ್ತು ಐವರಿ ಕೋಸ್ಟ್‌ನ ನಿರಾಶ್ರಿತ ಮಕ್ಕಳ ನಡುವೆ ಮೊದಲ ಕಾರ್ಯಕ್ರಮಗಳು ಆರಂಭವಾದವು. ಲಸಿಕೆ, ಆರೋಗ್ಯಗಳ ತಿಳಿವಳಿಕೆಯನ್ನೂ ಆಟದ ಮೂಲಕವೇ ಕಲಿಸುವ ಪದ್ಧತಿ ಅಲ್ಲಿಂದ ಬೆಳೆಯಿತು. ಹಾಮಾರ್‌ನ ಆ ಮೂರು ದಾಖಲೆಗಳನ್ನು ಬೇರೆಯವರು ಎಂದೋ ಮುರಿದಿದ್ದಾರೆ.