ಬಿಸಿಲು, ಚಳಿ ಮತ್ತು ವಿದ್ಯುತ್ ವಾಹನದ ಬ್ಯಾಟರಿ

ವಿದ್ಯುತ್ ವಾಹನಗಳ ಲಿಥಿಯಂ ಅಯಾನ್ ಬ್ಯಾಟರಿಯು ಸುಮಾರು 15ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚೆನ್ನಾಗಿ ಕೆಲಸ ಮಾಡುವುದರಿಂದ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳಂಥ ಊರುಗಳಲ್ಲಿ ಅದನ್ನು ತಂಪಾಗಿಡುವುದು ವಾಹನದ ಆಯುಷ್ಯದ ಪ್ರಶ್ನೆಯೇ ಆಗುತ್ತದೆ. ಉಷ್ಣತೆ ಏರಿದಂತೆ ಕೋಶದೊಳಗಿನ ವಿದ್ಯುದ್ವಿಭಾಜ್ಯ, ಅಂದರೆ ಅಯಾನುಗಳು ಸಂಚರಿಸುವ ದ್ರಾವಣ, ನಿಧಾನವಾಗಿ ವಿಘಟನೆಗೊಂಡು, ಋಣಾಗ್ರದ ಮೇಲಿನ ತೆಳುಪದರ ದಪ್ಪವಾಗುತ್ತ, ಲಿಥಿಯಂ ಅದರಲ್ಲಿ ಸಿಕ್ಕಿಕೊಂಡು, ಬ್ಯಾಟರಿಯ ಧಾರಣಶಕ್ತಿ ಮರಳಿ ಬಾರದಂತೆ ಕುಗ್ಗುತ್ತದೆ. ಸಕ್ರಿಯ ತಂಪುವ್ಯವಸ್ಥೆಯಿಲ್ಲದ ನಿಸ್ಸಾನ್ ಲೀಫ್ ಕಾರುಗಳ ಬ್ಯಾಟರಿಗಳು ಅಮೆರಿಕದ ಅರಿಝೋನಾದ ಕಡುಬಿಸಿಲಿನಲ್ಲಿ ನಿರೀಕ್ಷೆಗಿಂತ ಬೇಗ ಸೊರಗಿದುದು 2012ರಲ್ಲಿಯೇ ಬೆಳಕಿಗೆ ಬಂದಿತ್ತು.

ನಾರ್ವೆಯಂಥ ಶೀತದೇಶಗಳ ತೊಡಕು ಬೇರೆ: ಶೂನ್ಯಕ್ಕಿಂತ ಕೆಳಗೆ ವೇಗವಾಗಿ ಚಾರ್ಜ್ ಮಾಡಿದರೆ ಲಿಥಿಯಂ ಋಣಾಗ್ರದ ಒಳಹೊಗಲಾರದೆ ಮೇಲ್ಮೈಯಲ್ಲೇ ಲೋಹವಾಗಿ ಲೇಪಗೊಳ್ಳುವುದರಿಂದ, ಅನೇಕ ಕಾರುಗಳು ಮೊದಲು ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಳ್ಳುತ್ತವೆ.

ಇಂದಿನ ಬಹುತೇಕ ಕಾರುಗಳಲ್ಲಿ ಗ್ಲೈಕಾಲ್ ಬೆರೆತ ನೀರು ಬ್ಯಾಟರಿಗೆ ತಾಗಿದ ಲೋಹದ ತಟ್ಟೆಗಳೊಳಗೆ ಹರಿದು ಶಾಖವನ್ನು ಹೊರಗೊಯ್ಯುತ್ತದೆ. ಕೊಳ್ಳುವವರು ಒಂದು ಚಾರ್ಜಿಗೆ ಎಷ್ಟು ದೂರ ಎಂದಷ್ಟೇ ವಿಚಾರಿಸಿ ಈ ವ್ಯವಸ್ಥೆಯ ಬಗ್ಗೆ ಕೇಳದೇ ಇರುವುದು ನಿಜಕ್ಕೂ ವಿಷಾದಕರ. ಭಾರತದ ರಸ್ತೆಗಳಲ್ಲಿ ಓಡುವ ವಿದ್ಯುತ್ ಸ್ಕೂಟರುಗಳಲ್ಲಿ ಬಹುಪಾಲು ಗಾಳಿಯನ್ನೇ ನೆಚ್ಚಿರುವುದರಿಂದ, ಅವನ್ನು ನೆರಳಿನಲ್ಲಿ ನಿಲ್ಲಿಸುವುದೂ ಸವಾರಿ ಮುಗಿದೊಡನೆ ಚಾರ್ಜಿಗೆ ಹಾಕದೆ ಸ್ವಲ್ಪ ಹೊತ್ತು ಆರಲು ಬಿಡುವುದೂ ಸವಾರರ ಕೈಯಲ್ಲಿರುವ ಅತ್ಯಂತ ಫಲಕಾರಿ ಉಪಾಯಗಳು.